ಚೆಲುವಿ ಆದೆಮ್ಮನ ತಾಟು

ರಾಯಚೂರಿನಿಂದ ದೇವದುರ್ಗದವರೆಗೆ ಅಂಬಿಕಾ ಆ ಗಂಟನ್ನು ತೊಡೆಯಿಂದ ಇಳಿಸಲಿಲ್ಲ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಪಕ್ಕದ ಹೆಂಗಸು, ಒಳಗೇನಿದೆ ಎಂದೂ ಕೇಳದೆ, ತನ್ನದೊಂದು ಕೈಯನ್ನು ಗಂಟಿನ ಕೆಳಗೆ ಒಡ್ಡುತ್ತಿದ್ದಳು.

ಒಳಗಿದ್ದದ್ದು ಪಿಂಗಾಣಿ ತಾಟು. ಮಾನ್ವಿಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವ ಅಂಬಿಕಾ ತಾನೇ ಬಣ್ಣ ಹಾಕಿ, ರಾಯಚೂರಿನ ಗೆಳತಿ ಹುಮೇರಾಳ ಭಟ್ಟಿಯಲ್ಲಿ ಸುಟ್ಟು ತಂದಿದ್ದಳು. ಇಟಲಿಯಲ್ಲಿ ಹಿಂದೆ ಹುಡುಗರು ತಾವು ಮೆಚ್ಚಿದ ಹುಡುಗಿಯ ಮುಖವನ್ನು ತಾಟಿನ ಮೇಲೆ ಬರೆಸಿ, ಹೆಸರಿನ ಜೊತೆ 'ಚೆಲುವಿ' ಎಂದು ಸೇರಿಸಿ ಕೊಡುತ್ತಿದ್ದರಂತೆ. ಅದನ್ನು ಓದಿದಾಗ ಅಂಬಿಕಾಗೆ ನೆನಪಾದದ್ದು ಅಜ್ಜಿ. ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ.

ದೇವದುರ್ಗದ ಮನೆಯಲ್ಲಿ ಅಜ್ಜಿ ಆದೆಮ್ಮ ತಾಟನ್ನು ಬಾಗಿಲ ಬೆಳಕಿಗೆ ಹಿಡಿದಳು. ಅಂಚಿಗೆ ನೀಲಿ ಎಲೆ, ಹಳದಿ ನಿಂಬೆ. ನಡುವೆ ತಾನು.

"ಮೂಗಿನಾಗ ಇದೇನ ಬೇ, ಬದನಿಕಾಯಿ?"

"ಮೂಗುತಿ, ಯವ್ವಾ. ಬಣ್ಣ ಚೂರು ಜಾಸ್ತಿ ಬಿತ್ತು. ಸುಡದ ಹಸಿ ತಾಟು ಬಣ್ಣ ಕುಡದುಬಿಡ್ತದ, ಅಳಿಸಾಕ ಬರಂಗಿಲ್ಲ. ಅದಕ್ಕ ದೊಡ್ಡದ ಮಾಡಿದೆ."

"ನಿಮ್ಮಜ್ಜ ಕೊಡಿಸಲಿಲ್ಲ, ನೀನರ ಕೊಡಿಸಿದಿ. ಏನು ಬರದೀ ಇಲ್ಲಿ?"

"ಚೆಲುವಿ ಆದೆಮ್ಮ."

ಅಜ್ಜಿ ನಗುತ್ತ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆದರೆ ಅಂಬಿಕಾ ಮೊಳೆ ಹಿಡಿದು, ಹಾರ ಹಾಕಿದ ಅಜ್ಜ ಗದ್ದೆಪ್ಪನ ಫೋಟೋದ ಪಕ್ಕ ನಿಂತಾಗ ಆ ನಗು ಆರಿತು.

"ಗ್ವಾಡಿ ಏರಿದೋರು ಯಾರು ಇಳಿದು ಬಂದಾರ? ಅಲ್ಲಿ ನನಗ ಜಾಗ ಅದ, ಖರೆ. ಇನ್ನೊಂದೀಟು ತಡೀಲಿ."

ಅಂಬಿಕಾ ಮೊಳೆಯನ್ನು ಚೀಲಕ್ಕೆ ಹಾಕಿದಳು. ಇದು ಅವಳಿಗೆ ಹೊಳೆದೇ ಇರಲಿಲ್ಲ. ಗೋಡೆಗೆ ಬೇಡವೆಂದು ತಾಟು ಪೆಟ್ಟಿಗೆ ಸೇರಿದರೆ ಅಜ್ಜಿ ಮತ್ತೆ ಅದನ್ನು ನೋಡುವುದಿಲ್ಲ. ದಿನವೂ ಅವಳು ನೋಡಬೇಕು ಎಂದೇ ಅಲ್ಲವೆ ಬರೆದದ್ದು?

ಮೊಮ್ಮಗಳ ಮುಖವನ್ನು ಅಜ್ಜಿ ಒಂದು ಗಳಿಗೆ ನೋಡಿದಳು.

"ಇದರಾಗ ಉಣ್ಣಾಕ ಬರ್ತದೇನು?"

"ಬರ್ತದ. ಆದ್ರ ನಿನ್ನ ಮಾರಿ ಮ್ಯಾಲ ಹೆಂಗ ಉಣ್ಣಲಿ?"

"ಸಣ್ಣಾಕಿದ್ದಾಗ ಇದೇ ಮಾರಿ ಮ್ಯಾಲ ಉಚ್ಚಿ ಹೊಯ್ದಿ. ಆವಾಗ ಕೇಳಿದ್ದೇನು? ಕುಂದ್ರು."

ತಾಟು ತೊಳೆದು ಬಂತು. ಬಿಸಿ ರೊಟ್ಟಿ, ಪುಂಡಿಪಲ್ಯ. ಅಂಬಿಕಾ ತಿನ್ನುತ್ತ ರೊಟ್ಟಿ ಕಡಿಮೆಯಾದಂತೆ ಮೊದಲು ನಿಂಬೆಗಳು ಕಂಡವು, ಆಮೇಲೆ ಕಣ್ಣು, ಆಮೇಲೆ ಆ ದೊಡ್ಡ ಮೂಗುತಿ.

"ಪೂರಾ ಉಣ್ಣು. ಬಾಯಿ ಇನ್ನಾ ಕಂಡಿಲ್ಲ," ಎಂದಳು ಆದೆಮ್ಮ, ಬಗ್ಗಿ ನೋಡುತ್ತ.

ಅಂಬಿಕಾ ಕೊನೆಯ ತುತ್ತಿನಿಂದ ಪಲ್ಯ ಒರೆಸಿದಳು.

"ನಗಾಕತ್ತೀ, ಯವ್ವಾ."

"ಹಂಗಾದ್ರ ಇನ್ನೊಂದು ತಗೋ," ಎಂದು ಆದೆಮ್ಮ ತನ್ನ ಮುಖದ ಮೇಲೆ ಮತ್ತೊಂದು ರೊಟ್ಟಿ ಹಾಕಿದಳು.