ಹತ್ತೂ ಹನ್ನೆರಡರ ಕಾರ್ನ್‌ಫ್ಲೇಕ್ಸ್

ಶನಿವಾರ ಬೆಳಗಿನ ಕಾರ್ಟೂನುಗಳ ನಡುವೆ ಯಾವ ಜಾಹೀರಾತು ಎಷ್ಟು ಹೊತ್ತಿಗೆ ಎಂದು ಪಟ್ಟಿ ಬರೆಯುವುದು ಡೋರೀನ್‌ಳ ಕೆಲಸ. ಆ ಪಟ್ಟಿಯಂತೆ ಟೇಪು ಓಡಿಸುವುದು ಡೆಲ್ಬರ್ಟ್‌ನ ಕೆಲಸ. ಇಂಡಿಯಾನಾದ ಆ ಪುಟ್ಟ ಟಿವಿ ಸ್ಟೇಷನ್ನಿಗೆ ಕಾರ್ಟೂನುಗಳು ಊರೂರು ಸುತ್ತಿ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ನಡುವಿನ ಒಂದೆರಡು ನಿಮಿಷ ಮಾತ್ರ ಸ್ಟೇಷನ್ನಿನದು. ಅಷ್ಟು ಜಾಗದಲ್ಲಿ ಡೋರೀನ್ ಮಹಾರಾಣಿ.

ತೊಂಬತ್ತೊಂದನೇ ಇಸವಿಯಿಂದ ಸರ್ಕಾರದ ಒಂದು ಕಟ್ಟಳೆಯೂ ಸೇರಿಕೊಂಡಿತ್ತು. ಕಾರ್ಟೂನಿನ ನಾಯಕ ಅದೇ ಕಾರ್ಟೂನಿನ ನಡುವಿನ ಜಾಹೀರಾತಿನಲ್ಲಿ ಮುಖ ತೋರಿಸಿದರೆ ಇಡೀ ಅರ್ಧ ಗಂಟೆಯೇ ಜಾಹೀರಾತಾಗುತ್ತದೆ, ಸ್ಟೇಷನ್ನಿನ ಲೈಸೆನ್ಸಿಗೇ ಕುತ್ತು. ತಪ್ಪಾಗಿಲ್ಲವೆಂದು ಮೂರು ತಿಂಗಳಿಗೊಮ್ಮೆ ಸಹಿ ಹಾಕುವವಳು ಡೋರೀನ್. ತಗಡುನಾಯಿ ಎಂಬ ಕಾರ್ಟೂನು ನಾಯಕನ ಗೊಂಬೆಯ ಜಾಹೀರಾತನ್ನು ಅವಳು ತಗಡುನಾಯಿ ಕಾರ್ಟೂನಿನ ಹತ್ತಿರವೂ ಸುಳಿಯಗೊಟ್ಟಿರಲಿಲ್ಲ.

ಆದರೆ ಮೂರು ಶನಿವಾರಗಳಿಂದ, ತಗಡುನಾಯಿಯ ನಡುವೆ ಹತ್ತೂ ಹನ್ನೆರಡಕ್ಕೆ ಅವಳು ಬರೆದಿದ್ದ ಕಾರ್ನ್‌ಫ್ಲೇಕ್ಸ್ ಓಡಿಯೇ ಇರಲಿಲ್ಲ. ಅಲ್ಲಿ ಡೆಲ್ಬರ್ಟ್ ಹಾಲಿನ ಡೈರಿಯ ಜಾಹೀರಾತು ಓಡಿಸಿ, ಪಟ್ಟಿಯ ಅಂಚಿನಲ್ಲಿ 'ಬದಲು' ಎಂದಷ್ಟೇ ಗೀಚಿದ್ದ.

“ಡೈರಿಯವರು ನಿಮಗೇನು ನೆಂಟರಾ?” ಎಂದು ಕೇಳಿದಳು.

“ನನ್ನ ಭಾಮೈದ ಅಲ್ಲಿ ಲಾರಿ ಓಡಿಸ್ತಾನೆ. ಯಾಕಮ್ಮ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಇವನು ಅದನ್ನೂ ಮಾಡಲಿಲ್ಲ. ಡೋರೀನ್‌ಗೆ ಅನುಮಾನ ಇಮ್ಮಡಿಯಾಯಿತು.

“ನಾನು ಬರೆದಿದ್ದು ಯಾಕೆ ಓಡಿಸ್ಲಿಲ್ಲ?”

“ಆ ಟೇಪ್ ಒಂದ್ಸಲ ಕೂತು ನೋಡು. ಕೊನೇವರೆಗೂ.”

“ನೋಡೋದು ನನ್ನ ಕೆಲಸ ಅಲ್ಲ. ಟೇಪಿನ ಡಬ್ಬದ ಮೇಲೆ ಕಾರ್ನ್‌ಫ್ಲೇಕ್ಸ್ ಅಂತಿದೆ. ಓದೋಕೆ ಬರುತ್ತೆ ನಂಗೆ.”

ವಸಂತದಲ್ಲಿ ಒಮ್ಮೆ ಅವನು ಎಲ್ಲರೆದುರು ಅವಳ ಪಟ್ಟಿಯ ತಪ್ಪು ಎತ್ತಿ ತೋರಿಸಿದ್ದ. ಅಂದಿನಿಂದ ಅವನು ಹೇಳಿದ್ದಕ್ಕೆಲ್ಲ ಅವಳದು ಕಾಮಾಲೆ ಕಣ್ಣು. ಟೇಪು ನೋಡಲಿಲ್ಲ. ನೆಟ್ಟಗೆ ಮ್ಯಾನೇಜರ್ ಹ್ಯಾಸ್ಕೆಲ್‌ನ ಕೋಣೆಗೆ ಹೋದಳು.

“ಡೆಲ್ಬರ್ಟ್ ಡೈರಿಯವರ ಹತ್ರ ಏನೋ ತಗೋತಿದಾರೆ ಸರ್.”

ಹ್ಯಾಸ್ಕೆಲ್ ಮೂರು ಪಟ್ಟಿಗಳನ್ನೂ ತಿರುವಿ ಹಾಕಿದ. “ಈ ಶನಿವಾರ ಮನೇಲಿರು ಅಂತೀನಿ. ಸೋಮವಾರ ಕೆಲಸದಿಂದಾನೇ ತೆಗೀತೀನಿ. ಇಪ್ಪತ್ತೆರಡು ವರ್ಷ ಇಲ್ಲೇ ದುಡಿದ ಮನುಷ್ಯ, ಛೆ.”

ಡೋರೀನ್‌ಗೆ ಒಳಗೊಳಗೇ ಖುಷಿಯಾಯಿತು. ಶನಿವಾರ ಅವಳೇ ಬಂದು, ಟೇಪು ಓಡಿಸಲು ಕೂತಿದ್ದ ಹೊಸ ಹುಡುಗಿಯ ಹಿಂದೆ ಕಾಫಿ ಲೋಟ ಹಿಡಿದು ನಿಂತಳು. ತಗಡುನಾಯಿ ಕಳ್ಳರನ್ನು ಬೆನ್ನಟ್ಟಿತು. ಹತ್ತೂ ಹನ್ನೆರಡಾಯಿತು. ತೆರೆಯ ಮೇಲೆ ಅಮ್ಮ, ಮಗಳು, ಬಟ್ಟಲು, ಹಾಲು. ಮಗಳು ಕಾರ್ನ್‌ಫ್ಲೇಕ್ಸ್ ಪೊಟ್ಟಣ ಬಗ್ಗಿಸಿದಳು. ಕೊನೆಯ ಮೂರು ಸೆಕೆಂಡಿನಲ್ಲಿ ಪೊಟ್ಟಣದೊಳಗಿಂದ ಪುಕ್ಕಟೆ ಗೊಂಬೆಯೊಂದು ಬಟ್ಟಲಿಗೆ ಬಿತ್ತು.

ಅದು ತಗಡುನಾಯಿ. ಬಾಲ ಅಲ್ಲಾಡಿಸಿ ಬೊಗಳಿಯೂ ಬೊಗಳಿತು.

“ನೀವು ಬರ್ದಿದ್ದ ಹಾಗೇ ಓಡ್ಸಿದೀನಿ ಮೇಡಂ. ಸರಿ ಹೋಯ್ತಾ?” ಎಂದು ಹುಡುಗಿ ತಿರುಗಿದಳು.

ಡೋರೀನ್ ಕಾಫಿ ಲೋಟ ಕೆಳಗಿಟ್ಟಳು. ಪಕ್ಕದ ಮೇಜಿನ ಫೋನಿನಿಂದ ಡೆಲ್ಬರ್ಟ್‌ನ ಮನೆಗೆ ಕರೆ ಮಾಡಿದಳು. ಆಚೆ ಕಡೆಯೂ ಅದೇ ಕಾರ್ಟೂನಿನ ಸದ್ದು.

“ನೋಡಿದ್ಯಾ?” ಅವಳು ಬಾಯಿ ತೆರೆಯುವ ಮೊದಲೇ ಅವನು ಕೇಳಿದ.

“ಕೊನೇವರೆಗೂ ನೋಡಿದೆ.”

ಅವನ ಟಿವಿಯಲ್ಲಿ ತಗಡುನಾಯಿ ಮತ್ತೆ ಬೊಗಳಿತು.

“ಹಾಗಾದ್ರೆ ಹ್ಯಾಸ್ಕೆಲ್‌ಗೆ ನೀನೇ ಹೇಳಮ್ಮ,” ಎಂದ ಡೆಲ್ಬರ್ಟ್. “ನಾನು ಹೇಳಿದ್ರೆ ಈಗ ಯಾರು ನಂಬ್ತಾರೆ.”