ಎರಡನೆಯ ಕುರ್ಚಿ

ತೊಂಬತ್ತೈದರ ಸುಗ್ಗಿ ಕಳೆದ ಮೇಲೆ ಟೀವಿ ಧಾರಾವಾಹಿಯವರು ಗುಂಡ್ಲುಪೇಟೆಯಿಂದ ವ್ಯಾನು ಮಾಡಿಕೊಂಡು ಭೀಮನಬೀಡಿನ ನಮ್ಮ ಕೇರಿಗೆ ಬಂದರು. ಪಂಪ್‌ಸೆಟ್ ಕಳವಿನ ಕಥೆ. ಕಳ್ಳನನ್ನು ಹಿಡಿಯುವುದು ಹೆಣ್ಣು ಇನ್ಸ್‌ಪೆಕ್ಟರು, ಅದೂ ನಮ್ಮಂಥ ಕೇರಿಯಲ್ಲೇ ಹುಟ್ಟಿದವಳು. ಅಷ್ಟು ಕೇಳಿಯೇ ನಾವು ಹಿಗ್ಗಿದ್ದೆವು. ಕಳ್ಳನನ್ನು ಕಂಡ ಸಾಕ್ಷಿಯ ಪಾತ್ರಕ್ಕೆ ನನ್ನ ಅಕ್ಕ ದೊಡ್ಡಮಲ್ಲಮ್ಮನನ್ನು ಆರಿಸಿದರು. ನಮ್ಮ ಕೇರಿಯ ಒಂದು ಮುಖವೂ ಅದುವರೆಗೆ ಟೀವಿಯಲ್ಲಿ ಬಂದಿರಲಿಲ್ಲ.

ಇನ್ಸ್‌ಪೆಕ್ಟರ್ ವೇಷದ ನಟಿ ಭಾನು ಕುರ್ಚಿಯಲ್ಲಿ ಕೂತಳು. ಅಕ್ಕ ಎದುರಿಗೆ ಕೈಮುಗಿದು ನಿಲ್ಲಬೇಕು. ಮೇಲು ಕೀಳು ಎಂಬುದಿಲ್ಲ, ಎಲ್ಲರೂ ಸಮಾನರು ಎಂದು ಭಾನು ಉದ್ದಕ್ಕೆ ಭಾಷಣ ಮಾಡಬೇಕು. ಆಮೇಲೆ ಅಕ್ಕ ತಾನು ಕಂಡದ್ದನ್ನು ಹೇಳಬೇಕು.

ಭಾಷಣ ಮುಗಿಯಿತು. ಅಕ್ಕ ಕೈಮುಗಿಯದೆ ಭಾನುವಿನ ಕುರ್ಚಿಯನ್ನೇ ನೋಡಿದಳು.

“ಹೇಳಮ್ಮಾ,” ಎಂದರು ನಿರ್ದೇಶಕ ಚಂದ್ರಕುಮಾರ್.

“ಮೇಲು ಕೀಳು ಇಲ್ಲ ಅಂತ ಈವಮ್ಮ ಕೂತ್ಕಂಡು ಏಳ್ತಾವ್ಳೆ. ನಾನ್ಯಾಕೆ ಕೈಮುಕ್ಕಂಡು ನಿಂತಿರ್ಲಿ ಸಾಮಿ? ನಂಗೂ ಒಂದ್ ಕುರ್ಚಿ ಆಕ್ಸಿ.”

ಗುಂಪಿನಲ್ಲಿದ್ದ ಅವಳ ಗಂಡ ಬೋರಯ್ಯ ಕೂಗಿದ: “ಏನಮ್ಮೀ, ಸಾಕ್ಸಿ ಏಳಕ್ ಬಂದ್ಯಾ, ಮದ್ವೆ ಎಣ್ಣಂಗೆ ಕೂರಕ್ ಬಂದ್ಯಾ?”

“ನಿನ್ ಕಟ್ಕಂಡಾಗ್ಲೂ ನೀನು ಅರಕ್ ಚಾಪೆನೇ ಆಕಿದ್ದೆ, ಸುಮ್ಕಿರು!”

ಎಲ್ಲರೂ ನಕ್ಕರು. ಚಂದ್ರಕುಮಾರ್ ನಗಲಿಲ್ಲ. “ಬಿಸಿಲು ಇಳೀತಾ ಇದೆ. ಆಗದಿದ್ರೆ ಬೇರೆಯವರನ್ನ ನಿಲ್ಲಿಸ್ತೀನಿ.”

ಅಕ್ಕನ ಪಾತ್ರ ಕೈತಪ್ಪೀತೆಂದು ನಾನು ಗುಂಪಿನಿಂದ ಮುಂದೆ ಬಂದೆ. ಹತ್ತಿರ ಹೋಗಿ, “ಅಕ್ಕಾ, ಒಂದ್ಗಳ್ಗೆ ನಿಂತ್ಬುಡು,” ಎಂದೆ.

“ನಿಂತ್ರೆ ಒಂದ್ಗಳ್ಗೆನಾ? ಮೊಮ್ಮಕ್ಳು ನಾನ್ ನಿಂತಿರದ್ನೇ ನೋಡ್ತವೆ ಕಣ್ಲಾ.”

ಭಾನು ಎದ್ದಳು. ಅಲ್ಲಿದ್ದ ಇನ್ನೊಂದೇ ಕುರ್ಚಿ ನಿರ್ದೇಶಕರದು. ಅದನ್ನೇ ಎತ್ತಿಕೊಂಡು ಬಂದು ತನ್ನ ಎದುರಿಗೆ ಇಟ್ಟಳು. ಚಂದ್ರಕುಮಾರ್ ಇಳಿಯುತ್ತಿದ್ದ ಬಿಸಿಲನ್ನು ನೋಡಿದರು. “ಆಗಲಿ, ಕ್ಯಾಮೆರಾ,” ಎಂದರು. ಅಕ್ಕ ಸೆರಗಿನಿಂದ ಧೂಳು ಒರೆಸಿ ನೆಟ್ಟಗೆ ಕೂತಳು. “ಕಂಡೆ ಕಣವ್ವ. ಮೋಟ್ರು ಒತ್ಕಂಡು ಓಯ್ತಿದ್ದೋನ್ನ ಇದೇ ಕಣ್ಣಲ್ ಕಂಡೆ,” ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಸಂಜೆಯವರೆಗೆ ಚಂದ್ರಕುಮಾರ್ ನಿಂತೇ ಕೆಲಸ ಮಾಡಿದರು.

ಮಳೆಗಾಲದಲ್ಲಿ ಅದು ಟೀವಿಯಲ್ಲಿ ಬಂತು. ಪಂಚಾಯ್ತಿ ಆಫೀಸಿನ ಟೀವಿಯ ಮುಂದೆ ಮೇಲ್ಜಾತಿಯವರ ಬೀದಿ, ನಮ್ಮ ಕೇರಿ ಎರಡರ ಜನವೂ ಸೇರಿತ್ತು. ಭಾಷಣ ಪೂರ್ತಿ ಕತ್ತರಿಸಿದ್ದರು. ಎದುರೆದುರು ಕೂತ ಇಬ್ಬರು ಹೆಂಗಸರು, ಅವರ ಮಾತು, ಅಷ್ಟೇ.

ಬೋರಯ್ಯನಿಗೆ ತಡೆಯಲಾಗಲಿಲ್ಲ. ಎದ್ದು ಹಿಂದಕ್ಕೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದ:

“ಆ ಕುರ್ಚಿ ಅವ್ರಾಗೇ ಕೊಟ್ಟಿದ್ದಲ್ಲ ಕಣ್ರಲಾ. ನಮ್ಮವ್ಳು ಕೇಳಿದ್ದು!”