ತುರುಬಿಗೊಂದು ಕಿಂಡಿ

ಬೆರಳ ಸಂದಿಯಲ್ಲಿ ಅಂಟು ಒಣಗಿ ಚರ್ಮ ಬಿಗಿಯುತ್ತಿದೆ, ಮುಷ್ಟಿ ಬಿಚ್ಚಿ ಮುಚ್ಚಿದರೆ ಚಿಟಚಿಟ ಅನ್ನುತ್ತದೆ, ಹುಣಸೆಬೀಜದ ಅಂಟು ಇದು, ಮೈದಾದ್ದಲ್ಲ, ಮೈದಾ ಕಲಸಲು ಹೋದಾಗ ಅತ್ತೆ ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ಅದೇನವ್ವ ಕಿರೀಟ ಮಾಡ್ತೀಯೋ ದೋಸೆ ಹುಯ್ತೀಯೋ, ಮೈದಾ ಅಂಟು ಬೆವರು ಕಂಡ್ರೆ ಪಿಚಪಿಚ ಅಂತದೆ, ನಮ್ಮಪ್ಪನ ಮನೇಲಿ ಕಂಬ್ಳಿಗೆ ಹುಣಸೆಬೀಜದ ಅಂಟು ಬಳೀತಿದ್ರು, ಕಂಬ್ಳಿ ಹೆಂಗೆ ಸೆಟೆದು ನಿಂತ್ಕಳ್ಳೋದು ಗೊತ್ತಾ ಅಂದರು — ದೊಡ್ಡಗಂಗಮ್ಮ, ನಮ್ಮತ್ತೆ, ಹೊಗಳುವುದೂ ಬಯ್ಯುವುದೂ ಒಂದೇ ದನಿಯಲ್ಲಿ, ಯಾವುದು ಯಾವುದೆಂದು ಮಗಳು ಕಾಲೇಜು ಸೇರುವಷ್ಟು ಕಾಲ ಕಳೆದರೂ ನನಗೆ ತಿಳಿದಿಲ್ಲ — ಬೀಜ ಹುರಿದು, ಕುಟ್ಟಿ ಸಿಪ್ಪೆ ತೆಗೆದು, ನೆನೆಹಾಕಿ, ರುಬ್ಬಿ, ಕುದಿಸಿ, ಮಿಕ್ಸಿ ಅರಚಿಕೊಂಡು ಅರಚಿಕೊಂಡು ಕೊನೆಗೆ ಸುಮ್ಮನಾಯಿತು, ಅದರ ರಿಪೇರಿ ಆಮೇಲೆ ನೋಡೋಣ, ಅಂಟು ಅಂದರೆ ಮಾತ್ರ ಅಂಟು, ಹಿಡಿದಿದ್ದನ್ನು ಬಿಡುವುದಿಲ್ಲ, ದಿನಪತ್ರಿಕೆಯ ಪದರದ ಮೇಲೆ ಪದರ ಕೂತು ಬಿಸಿಲಿಗೆ ಒಣಗಿ ಈಗ ಬೆರಳಲ್ಲಿ ತಟ್ಟಿದರೆ ಕೊಬ್ಬರಿ ಗಿಟುಕು ತಟ್ಟಿದ ಹಾಗೆ ಟಕ್ ಅನ್ನುತ್ತದೆ, ಇನ್ನು ಹಣೆಯ ಮೇಲಿನ ಎಸಳುಗಳನ್ನು ಅಂಟಿಸುವುದಷ್ಟೇ ಬಾಕಿ, ಊಟವಾದ ಮೇಲೆ ಸಮುದಾಯ ಭವನದಲ್ಲಿ ರಿಹರ್ಸಲ್, ಅಲ್ಲಿ ಈ ಕಿರೀಟ ನನ್ನ ತಲೆಯ ಮೇಲೆ ನಿಂತರೆ ನಾನು ರಾಜ, ನಿಲ್ಲದಿದ್ದರೆ ರಾಣಿಗೆ ಬೀಸಣಿಗೆ ಬೀಸುವ ಸಖಿ.

ವೀರಕೇತು ಮಹಾರಾಜ, ಸದಾಶಿವಯ್ಯ ಮೇಷ್ಟ್ರು ತಾವೇ ಬರೆದು ತಾವೇ ರಾಗ ಹಾಕಿದ ನಾಟಕ, ಗುಬ್ಬಿಯಲ್ಲಿ ರಾಜ್ಯೋತ್ಸವಕ್ಕೆ ಈ ಸಲ ನಮ್ಮ ಬೀದಿಯ ಹೆಂಗಸರ ಸಂಘದವರೇ ಆಡುವುದು, ರಾಜನೂ ಹೆಂಗಸು, ಸೇನಾಪತಿಯೂ ಹೆಂಗಸು, ಮಂತ್ರಿ ಬಳೆ ಅಂಗಡಿ ಅಮೀನಾ ಬೀ, ನೇತ್ರಾವತಿ ನೀನು ರಾಜ ಆದ್ರೆ ನಾನು ಮಂತ್ರಿ, ಬೇರೆಯವ್ರು ಬಂದ್ರೆ ನನ್ಗೆ ಬಳೆ ಅಂಗ್ಡೀನೇ ವಾಸಿ ಅಂದಿದ್ದಾಳೆ, ಮಾತಿಗೆ ತಪ್ಪುವವಳಲ್ಲ, ಹೋದ ಭಾನುವಾರ ಎಲ್ಲ ಸರಿಯಾಗೇ ಇತ್ತು, ಮಾತು ಬಾಯಲ್ಲಿತ್ತು, ಹಾಡು ಗಂಟಲಲ್ಲಿತ್ತು, ತುಮಕೂರಿನಿಂದ ಬಾಡಿಗೆಗೆ ಬಂದ ಕಿರೀಟ ತಲೆಯ ಮೇಲಿತ್ತು, ಎಂಟ್ರಿಗೆ ರಾಜ ಗರಗರ ಸುತ್ತು ಹಾಕಿ ನಿಲ್ಲಬೇಕಲ್ಲ, ಮೊದಲ ಸುತ್ತಿಗೇ ಕಿರೀಟ ಜಾರಿ ಮೂಗಿನ ಮೇಲೆ ಕೂತಿತು, ಒಳಗೆಲ್ಲ ಕತ್ತಲು, ಯಾರ ಯಾರದೋ ತಲೆಯ ಎಣ್ಣೆಯ ಕಮಟು, ನಾನು ಹಟಕ್ಕೆ ಬಿದ್ದು ಸುತ್ತುವುದನ್ನು ಬಿಡಲಿಲ್ಲ, ಕತ್ತಿ ಹೋಗಿ ಮೇಷ್ಟ್ರ ಟೀ ಲೋಟಕ್ಕೆ ತಗುಲಿತು, ಟೀ ಅವರ ಪಂಚೆಯ ಮೇಲೆ, ಅಂಜನಮೂರ್ತಿ ಗೋಡೆಗೆ ಒರಗಿ ನಿಂತವನು ಅಯ್ಯೋ ರಾಜಂಗೆ ಕಣ್ಣೇ ಕಾಣ್ದಂಗಾಯ್ತಲ್ಲಪ್ಪ ಅಂದ, ಎಲ್ಲರೂ ನಕ್ಕರು, ಅಮೀನಾ ಬೀ ಕೂಡ ನಕ್ಕಳು, ನಗು ಬರುವ ಹಾಗೇ ಇತ್ತು ಬಿಡಿ, ಆದರೆ ಅಂಜನಮೂರ್ತಿಯ ನಗು ಬೇರೆ, ಕೊಬ್ಬರಿ ಮಂಡಿಯ ಅಂಜನಮೂರ್ತಿ, ಗಂಡಸರ ನಾಟಕದಲ್ಲಿ ಪ್ರತಿಸಲ ಅವನೇ ರಾಜ, ಈ ಸಲ ನಮಗೆ ಹೇಳಿಕೊಡುವ ನೆಪದಲ್ಲಿ ರಿಹರ್ಸಲ್ಲಿಗೆಲ್ಲ ಬಂದು ನನ್ನ ಮಾತನ್ನು ನನಗಿಂತ ಅರ್ಧ ಮಾತು ಮುಂಚೆ ತುಟಿಯಲ್ಲೇ ಆಡಿಕೊಳ್ಳುತ್ತಾನೆ. ಮೇಷ್ಟ್ರು ಪಂಚೆ ಒರೆಸಿಕೊಳ್ಳುತ್ತಾ, ಬೇಜಾರ್ ಮಾಡ್ಕಬೇಡಿ ತಾಯಿ, ಹೆಣ್ಮಕ್ಕಳ ತಲೆ ಸಣ್ಣದು, ಕಿರೀಟ ನಿಲ್ಲಕಿಲ್ಲ, ಮುಂದಿನ ಭಾನ್ವಾರನೂ ಹಿಂಗೇ ಆದ್ರೆ ಅಂಜನಮೂರ್ತಿ ರಾಜ ಮಾಡ್ಲಿ, ನೀವು ಸಖಿ ಮಾಡಿ, ಸಖಿಗೂ ಎರಡು ಹಾಡು ಐತೆ, ಅಂದರು, ಕೆಟ್ಟವರಲ್ಲ ಮೇಷ್ಟ್ರು, ಅದಕ್ಕೇ ಆ ಮಾತು ಇನ್ನೂ ಉರಿಯಿತು.

ತಲೆ ಸಣ್ಣದಂತೆ, ಬ್ಲೌಸ್ ಹೊಲಿದು ಜೀವನ ಮಾಡುವವಳು ನಾನು, ಬಾಡಿಗೆ ಬಟ್ಟೆ ಮೈಗೆ ಹೊಂದದಿದ್ದರೆ ಮೈಯನ್ನು ಬಯ್ಯುವ ಟೈಲರ್ ಎಲ್ಲಾದರೂ ಇದ್ದಾನೆಯೇ, ಮನೆಗೆ ಬಂದವಳೇ ಟೇಪು ತೆಗೆದು ನನ್ನ ತಲೆ ಅಳೆದೆ, ಊಟಕ್ಕೆ ಕೂತಿದ್ದ ಗಂಡನ ತಲೆಯನ್ನೂ ಅಳೆದೆ, ಏನೇ ಇದು ಅಂತ ಮುತ್ತುರಾಜ್ ತುತ್ತು ಹಿಡಿದುಕೊಂಡೇ ಕೂತಿದ್ದರು, ಹೆಚ್ಚು ಕಡಿಮೆ ಎರಡೂ ಒಂದೇ, ಅವರದು ನನ್ನದಕ್ಕಿಂತ ಬೆರಳಷ್ಟು ಸಣ್ಣದೇ, ಹಾಗಾದರೆ ಗಂಡಸರಿಗೆ ಹೇಗೆ ನಿಲ್ಲುತ್ತದೆ, ಆಗ ಹೊಳೆಯಿತು, ಅವರು ಸುಳ್ಳು ಕೂದಲಿನ ಟೋಪನ್ ಹಾಕಿ ಅದರ ಮೇಲೆ ಕಿರೀಟ ಇಡುತ್ತಾರೆ, ತಲೆ ದೊಡ್ಡದಲ್ಲ, ಟೋಪನ್ ದೊಡ್ಡದು, ನಮಗೆ ನಮ್ಮದೇ ಕೂದಲಿದೆ ಅಂತ ಟೋಪನ್ ಕೊಡಲಿಲ್ಲ, ಕಿರೀಟ ಮಾತ್ರ ಅದೇ ಕೊಟ್ಟರು, ಇಷ್ಟು ವರ್ಷ ನಾಟಕ ಆಡಿದ ಊರಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಎಲ್ಲರೂ ತಲೆಯನ್ನೇ ಬಯ್ದರು, ನಾನೂ ಮೊದಲು ಅದನ್ನೇ ಬಯ್ದೆ. ನನಗೂ ಒಂದು ಟೋಪನ್ ಕೇಳಬಹುದಿತ್ತು, ಆದರೆ ಸೊಂಟದವರೆಗೆ ಕೂದಲಿರುವವಳು ಅದರ ಮೇಲೆ ಇನ್ನೊಬ್ಬರ ಕೂದಲು ಹೊರುವುದು ಯಾಕೆ, ನನ್ನ ತಲೆಗೆ ನಾನೇ ಮಾಡುತ್ತೇನೆ ಅಂದೆ, ಬಿದರೆಹಳ್ಳ ಕಾವಲ್‌ನಲ್ಲಿ ನಾವು ಹೆಲಿಕಾಪ್ಟರ್ ಮಾಡ್ತಿದೀವಿ, ನೀನಿಲ್ಲಿ ಪೇಪರ್ ಟೋಪಿ ಮಾಡು, ಮನೆ ಉದ್ಧಾರ ಆಯ್ತು, ಅಂದರು ಮುತ್ತುರಾಜ್, ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ನೀವು ಮಾಡೋದು ಉಪ್ಪಿಟ್ಟು ಕಣ್ರೀ ಅಂದೆ, ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದರು, ಆ ಒಂದು ಸಲ ಮಾತ್ರ ಅವರು ಯಾರ ಕಡೆ ಅಂತ ತಿಳಿಯಿತು.

ಯಾಕೆ ಇಷ್ಟು ಹಟ ಅಂತ ಮಗಳು ಕೇಳಿದಳು ಫೋನಿನಲ್ಲಿ, ಸಖಿ ಆದ್ರೇನಮ್ಮ, ಸ್ಟೇಜ್ ಮೇಲೆ ಇರ್ತೀಯಲ್ಲ ಅಂತ, ಅವಳಿಗೆ ನನ್ನ ತವರು, ಕಡಬದ ಮನೆ ಗೊತ್ತಿಲ್ಲ, ನನ್ನಪ್ಪ ಚಿಕ್ಕಮಾರಯ್ಯನಿಗೆ ಓದು ಬರಹ ಇರಲಿಲ್ಲ ಅನ್ನುವುದು ಗೊತ್ತು, ಆದರೂ ನಾಟಕದಲ್ಲಿ ರಾಜನಾಗುತ್ತಿದ್ದ ಅನ್ನುವುದೂ ಗೊತ್ತು, ಅವನಿಗೆ ಆ ಮಾತುಗಳನ್ನೆಲ್ಲ ಹೇಳಿಕೊಟ್ಟು ಬಾಯಿಪಾಠ ಮಾಡಿಸಿದವಳು ನಾನು ಅನ್ನುವುದು ಗೊತ್ತಿಲ್ಲ, ಕೆರೆ ಏರಿಯ ಮೇಲೆ ಅಪ್ಪ ಮುಂದೆ, ಪುಸ್ತಕ ಹಿಡಿದ ನಾನು ಹಿಂದೆ, ನಾನು ಮೆಲ್ಲಗೆ ಹೇಳುವುದು ಅಪ್ಪ ಜೋರಾಗಿ ಹೇಳುವುದು, ನಾನು ಮೆಲ್ಲಗೆ ಎಲವೋ ಅಂದರೆ ಕೆರೆಯ ಆಚೆ ದಡದವರೆಗೆ ಎಲವೋ, ನಾಟಕದ ದಿನ ಪರದೆಯ ಹಿಂದೆ ಬಗ್ಗಿ ಕೂತು ಮರೆತ ಮಾತು ನೆನಪಿಸುವುದೂ ನಾನೇ, ಒಂದು ಸಲ ಅಭ್ಯಾಸದಲ್ಲಿ ನನಗೇ ಆವೇಶ ಬಂದು ರಾಜನ ಮಾತನ್ನು ಗಟ್ಟಿಯಾಗಿ ಹೇಳಿಬಿಟ್ಟೆ, ಏನ್ ಗಂಟ್ಲವ್ವ ನಿಂದು, ಗಂಡಾಗಿ ಹುಟ್ಟಿದ್ರೆ ಅಂದ ಅಪ್ಪ, ಅರ್ಧಕ್ಕೇ ನಿಲ್ಲಿಸಿ, ಮೆಲ್ಲಗೆ ಹೇಳು ಮೆಲ್ಲಗೆ, ಯಾರಾದ್ರೂ ಕೇಳಿಸ್ಕಂಡಾರು ಅಂದ, ಅಪ್ಪ ಹೋಗಿ ಎಷ್ಟೋ ವರ್ಷ, ಆ ಮೆಲ್ಲಗೆ ಮಾತ್ರ ನನ್ನ ಗಂಟಲಿನಲ್ಲಿ ಕೂತಿದೆ, ಗಿರಾಕಿಗೂ ಮೆಲ್ಲಗೆ, ಗಂಡನಿಗೂ ಮೆಲ್ಲಗೆ, ಬಸ್ಸಿನಲ್ಲಿ ಸ್ಟಾಪು ಬಂದರೂ ಮೆಲ್ಲಗೆ ಕೂಗಿ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬಂದವಳು, ಒಂದು ಸಲ, ಒಂದೇ ಸಲ, ಜನರ ಮುಂದೆ, ಗಂಟಲು ತುಂಬ ಆಡಬೇಕು ನಾನು, ಬೀಸಣಿಗೆ ಬೀಸಲು ಗಂಟಲು ಬೇಕಾಗಿಲ್ಲ. ಇಷ್ಟನ್ನೂ ಮಗಳಿಗೆ ಹೇಳಲಿಲ್ಲ, ಊಟ ಆಯ್ತಾ ಅಂತ ಕೇಳಿ ಫೋನಿಟ್ಟೆ.

ಎಸಳಿಗೆ ಹಳೆಯ ಲಗ್ನಪತ್ರಿಕೆ, ದಪ್ಪ ಕಾಗದ, ಚಿನ್ನದ ಬಣ್ಣ, ಕುಣಿಗಲ್‌ನ ನಾದಿನಿಯ ಮದುವೆಯದು ಎಲ್ಲಕ್ಕಿಂತ ಗಟ್ಟಿ, ದೇವ್ರ ಚಿತ್ರಕ್ಕೆ ಕತ್ತರಿ ಹಾಕ್ಬೇಡ ಅಂತ ಅತ್ತೆ ಪಕ್ಕದಲ್ಲೇ ಕಾವಲು, ಗಣಪತಿಯನ್ನು ಇಡಿಯಾಗಿ ಉಳಿಸಿ ಹಣೆಯ ಮೇಲಿನ ದೊಡ್ಡ ಎಸಳಿಗೆ ಇಟ್ಟೆ, ಒಳಮಗ್ಗುಲಲ್ಲಿ ಯಾರ ಯಾರದೋ ಮುಹೂರ್ತ, ಬಂಧುಬಾಂಧವರು, ಮೂಲೆಗೆ ಹಚ್ಚಿದ ಅರಿಶಿನ ಇನ್ನೂ ಹಳದಿ, ರತ್ನಗಳ ಜಾಗಕ್ಕೆ ಸ್ಟಿಕ್ಕರ್ ಬೊಟ್ಟು, ಬ್ಲೌಸಿನ ಗುಂಡಿ, ಅಂಚಿಗೆ ಮಿಕ್ಕ ಜರಿ, ಚೆನ್ನಾಗಿ ಬಂದಿದೆ, ಅಂಗಡಿಯದಕ್ಕಿಂತ ಚೆನ್ನಾಗಿ ಬಂದಿದೆ, ಹೇಳಿಕೊಳ್ಳಲು ನಾಚಿಕೆ ಯಾಕೆ, ಸರಿ ತಲೆ ಬಾಚಿ ತುರುಬು ಕಟ್ಟಿ ಇಟ್ಟುಕೊಂಡೆ — ಕಿರೀಟ ಕೂರಲಿಲ್ಲ. ಹಿಂದಿನ ಅಂಚು ತುರುಬಿನ ಮೇಲೆ ಕೂತು ಮುಂದಿನದು ಹುಬ್ಬಿಗೆ ಬಂತು, ಅದೇ ಕಥೆ, ಅದೇ ಮೂಗು, ಯಾಕೆ ಯಾಕೆ ಅಂತ ನೋಡಿದರೆ ಟೇಪು ಹಿಡಿದ ದಿನ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು ಕೂದಲು ಇಳಿಬಿಟ್ಟಿದ್ದೆ, ಊರಿನವರ ಅಳತೆಯೆಲ್ಲ ಸರಿಯಾಗಿ ತೆಗೆಯುವ ಟೈಲರಮ್ಮ ತನ್ನ ತುರುಬನ್ನೇ ಲೆಕ್ಕಕ್ಕೆ ಇಟ್ಟುಕೊಂಡಿಲ್ಲ, ಬಿಟ್ಟ ಕೂದಲಲ್ಲಿ ಸುತ್ತು ಹಾಕಿದರೆ ಬಾಯಿ ತುಂಬ ಕೂದಲು, ಹೊಸದು ಮಾಡಲು ಹೊತ್ತಿಲ್ಲ, ಗಡಿಯಾರ ಬೇರೆ ಟಿಕ್ ಟಿಕ್, ಅತ್ತೆ ನೋಡಿ ಹಂಗಾರೆ ಕೂದ್ಲು ಕತ್ತರಿಸ್ಕತೀಯಾ ಅಂದರು, ಬಯ್ದರೋ ಕೇಳಿದರೋ, ಕತ್ತರಿ ಕೈಯಲ್ಲೇ ಇತ್ತು, ಕತ್ತರಿಸಬೇಕಾದ್ದು ಕೂದಲಲ್ಲ ಅನ್ನಿಸಿತು, ಬ್ಲೌಸಿನ ಬೆನ್ನಿಗೆ ಕಿಂಡಿ ಇಡುವುದಿಲ್ಲವೇ, ಹಾಗೇ, ಕಿರೀಟದ ಬೆನ್ನಿಗೆ ದುಂಡಗೆ ಗುರುತು ಹಾಕಿ ಚುಚ್ಚಿದೆ, ಹುಣಸೆಬೀಜದ ಅಂಟು ಕತ್ತರಿಗೂ ಬಗ್ಗದು, ಹೆಬ್ಬೆರಳು ಕೆಂಪಾಯಿತು, ಬಗ್ಗಿತು, ಅಂಚಿಗೆ ಪೈಪಿಂಗ್ ಕೊಟ್ಟೆ, ಇಟ್ಟುಕೊಂಡೆ, ತುರುಬನ್ನು ಕಿಂಡಿಯಿಂದ ಆಚೆ ಎಳೆದು ಅಡ್ಡಡ್ಡ ಪಿನ್ನು ಚುಚ್ಚಿದೆ, ತಲೆ ಅಲ್ಲಾಡಿಸಿದೆ, ಇನ್ನೂ ಜೋರಾಗಿ ಅಲ್ಲಾಡಿಸಿದೆ, ಸ್ಟೌ ಮತ್ತು ಫ್ರಿಜ್ಜಿನ ಮಧ್ಯೆ ಗರಗರ ಸುತ್ತಿದೆ, ಕುಪ್ಪಳಿಸಿದೆ, ಕಿರೀಟ ಅಲುಗಲಿಲ್ಲ, ತುರುಬೇ ಬೀಗ, ಯಾವ ಗಂಡಸಿನ ಕಿರೀಟಕ್ಕೂ ಇಲ್ಲದ ಬೀಗ, ಅತ್ತೆ ನನ್ನ ಸುತ್ತ ಒಂದು ಸಲ ಬಂದು ನೋಡಿ, ದೃಷ್ಟಿ ಆಯ್ತದೆ ತಗೀ, ಮುಸುಕು ಹಾಕ್ಕಂಡು ಹೋಗು ಅಂದರು.

ಬುಟ್ಟಿಯಲ್ಲಿಟ್ಟು ಮೇಲೆ ಟವೆಲ್ ಮುಚ್ಚಿ ಬೀದಿಯಲ್ಲಿ ನಡೆಯುವಾಗ ಬಿಸಿಲು ಇಳಿದಿತ್ತು, ಭವನದ ಶೆಟರ್ ಅರ್ಧ ತೆಗೆದಿತ್ತು, ಮೇಷ್ಟ್ರು ಹಾರ್ಮೋನಿಯಂ ಮುಂದೆ, ಟೀ ಲೋಟ ಈ ಸಲ ಕಿಟಕಿಯ ಮೇಲೆ, ಅಮೀನಾ ಬೀ ಮಂತ್ರಿಯ ಪೇಟ ಸುತ್ತಿಕೊಳ್ಳುತ್ತಾ ತಂದ್ಯಾ ಅಂತ ಕಣ್ಣಲ್ಲೇ ಕೇಳಿದಳು, ಮೂಲೆಯ ಕುರ್ಚಿಯಲ್ಲಿ ಅಂಜನಮೂರ್ತಿ, ತೊಡೆಯ ಮೇಲೆ ಒಂದು ಗಂಟು, ಕೆಂಪು ವಸ್ತ್ರದಲ್ಲಿ ಕಟ್ಟಿ ತಂದ ಅವನ ಸ್ವಂತ ಕಿರೀಟ, ನಾನು ಒಳಗೆ ಕಾಲಿಡುವಾಗಲೇ ಅವನ ಬೆರಳು ಆ ಗಂಟು ಸಡಿಲಿಸುತ್ತಿತ್ತು, ನನ್ನ ಸೋಲಿಗೆ ರೆಡಿಯಾಗಿ ಬಂದಿದ್ದಾನೆ, ಶುರು ಮಾಡಿ ತಾಯಿ ಅಂದರು ಮೇಷ್ಟ್ರು, ದನಿಯಲ್ಲಿ ಕನಿಕರ, ಆ ಕನಿಕರ ನಿಮ್ಮಲ್ಲೇ ಇರಲಿ ಮೇಷ್ಟ್ರೇ, ಕಿರೀಟ ಇಟ್ಟೆ, ತುರುಬು ಎಳೆದೆ, ಪಿನ್ನು ಚುಚ್ಚಿದೆ, ಯಾರೋ ಕಿಸಕ್ಕೆಂದರು, ರಾಜಂಗೆ ತುರುಬಾ ಅಂದ ಅಂಜನಮೂರ್ತಿ, ಹೌದು ರಾಜನಿಗೆ ತುರುಬು, ಹಾರ್ಮೋನಿಯಂ ಏರಿತು, ನಾನು ನುಗ್ಗಿದೆ, ಒಂದು ಸುತ್ತು, ಇನ್ನೊಂದು, ಇನ್ನೂ ಒಂದು ಬೇಕಿರಲಿಲ್ಲ ಅದನ್ನೂ ಹಾಕಿದೆ, ಕಾಲು ಅಪ್ಪಳಿಸಿ ನಿಂತೆ, ಕಣ್ಣೆದುರು ಎಲ್ಲ ಕಾಣಿಸುತ್ತಿದೆ, ಎಲ್ಲರೂ ಕಾಣಿಸುತ್ತಿದ್ದಾರೆ, ಎಲವೋ ಮಂತ್ರಿ — ಇದು ನನ್ನ ದನಿ, ಮೊದಲು ನನಗೇ ಗುರುತು ಸಿಗಲಿಲ್ಲ — ಎಲವೋ ಮಂತ್ರಿ, ಈ ಕೋಟೆಯ ಕಲ್ಲೊಂದು ಅಲುಗುವ ಮುನ್ನ ವೀರಕೇತುವಿನ ಶಿರ ಉರುಳಬೇಕು, ಉರುಳೀತೇ, ಹೇಳು, ಉರುಳೀತೇ, ಅಂತ ತಲೆ ಕೊಡವಿದೆ, ಶೆಟರ್ ಝಣ್ ಅಂದಿತು ಆ ದನಿಗೆ, ಅಮೀನಾ ಬೀ ನಿಜಕ್ಕೂ ಒಂದು ಹೆಜ್ಜೆ ಹಿಂದೆ ಹೋದಳು, ಇಲ್ಲ ಪ್ರಭು ಅನ್ನಬೇಕಾದವಳು ಇಲ್ಲ ಕಣೇ ಅಂದುಬಿಟ್ಟಳು, ಯಾರೂ ನಗಲಿಲ್ಲ, ಮೇಷ್ಟ್ರು ಹಾರ್ಮೋನಿಯಂನ ಮುಂದಿನ ಮಟ್ಟು ಹಿಡಿದರು, ಇನ್ನೂ ಮೇಲಕ್ಕೆ, ತಗಳಿ ರಾಜ ಇನ್ನೂ ಮೇಲಕ್ಕೆ ಅಂದರು, ತಾಯಿ ಅನ್ನಲಿಲ್ಲ, ರಾಜ ಅಂದರು, ಖುಷಿ ಅಂದರೆ ಇದೇ ಇರಬೇಕು, ಹೊಟ್ಟೆಯಿಂದ ಗಂಟಲಿಗೆ ಅಡೆತಡೆ ಇಲ್ಲದ ದಾರಿ, ನಾನು ಹಾಡುತ್ತಿದ್ದೇನೆ, ತಿರುಗುತ್ತಿದ್ದೇನೆ, ತಿರುಗಿದಾಗಲೆಲ್ಲ ಆ ಮೂಲೆ, ಆ ಕುರ್ಚಿ, ಅಂಜನಮೂರ್ತಿಯ ಬೆರಳು, ಸಡಿಲಾಗಿದ್ದ ಕೆಂಪು ವಸ್ತ್ರದ ತುದಿ ಹುಡುಕುತ್ತಿದೆ, ಇನ್ನೊಂದು ಸುತ್ತು, ತುದಿ ಸಿಕ್ಕಿದೆ, ಎಳೆಯುತ್ತಿದ್ದಾನೆ, ನನ್ನನ್ನೇ ನೋಡುತ್ತಾ, ತುಟಿ ಅಲುಗದೆ, ನನ್ನ ಮಾತಿಗಿಂತ ಮುಂಚೆ ಯಾವ ಮಾತೂ ಇಲ್ಲದೆ, ಮತ್ತೊಂದು ಸುತ್ತು, ತುದಿಯ ಮೇಲೆ ತುದಿ, ಬಿಗಿದ, ಮೇಲೊಂದು ಬಿಗಿದ, ಕಿರೀಟ ಒಳಗೇ ಉಳಿಯಿತು, ಗಂಟು, ಕೆಂಪು ಗಂಟು.